ಬ್ಯಾಕ್ಟೀರಿಯಾದ ಎರಡು ಜೇಬು: ಹುಳಿ ಬದಲಾದರೆ ಆ್ಯಂಟಿಬಯೋಟಿಕ್‌ನ ದಾರಿಯೂ ಬದಲು

ಎಂ.ಎಸ್ಸಿ. ಓದುವಾಗ ನಾನು ಕೆಡಿಸಿದ ಒಂದು ಪ್ಲೇಟ್ ಇವತ್ತಿಗೂ ಕಣ್ಣಮುಂದೆ ಇದೆ. ಕೆಲಸ ಸರಳವಾದದ್ದೇ. ಗಾಜಿನ ತಟ್ಟೆಯಲ್ಲಿ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ, ಸುರಿದು ಗಟ್ಟಿಯಾಗಲು ಬಿಡಬೇಕು. ಅದರ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾ ಸವರಬೇಕು. ಆ್ಯಂಟಿಬಯೋಟಿಕ್ ಹೀರಿಕೊಂಡ ಪುಟ್ಟ ಕಾಗದದ ಡಿಸ್ಕ್‌ಗಳನ್ನು ಅಲ್ಲಲ್ಲಿ ಇಟ್ಟು, ರಾತ್ರಿಯಿಡೀ ಇನ್‌ಕ್ಯುಬೇಟರ್‌ನಲ್ಲಿ ಬಿಡಬೇಕು. ಬೆಳಿಗ್ಗೆ ನೋಡಿದರೆ ಡಿಸ್ಕ್ ಸುತ್ತ ಏನೂ ಬೆಳೆಯದ ಖಾಲಿ ವೃತ್ತ ಕಾಣುತ್ತದೆ. ಲ್ಯಾಬಿನವರು ಅದಕ್ಕೆ ಝೋನ್ ಅನ್ನುತ್ತಾರೆ. ಕಲ್ಚರ್ ರಿಪೋರ್ಟಿನಲ್ಲಿ ಬರುವ 'ಸೆನ್ಸಿಟಿವ್', 'ರೆಸಿಸ್ಟೆಂಟ್' ಎಂಬ ಮಾತುಗಳು ಎಷ್ಟೋ ಲ್ಯಾಬುಗಳಲ್ಲಿ ಈಗಲೂ ಈ ವೃತ್ತದ ಅಳತೆಯಿಂದಲೇ ಬರುತ್ತವೆ.

ನಾನು ಬಳಸಿದ್ದು ಪರೀಕ್ಷೆ ಸರಿಯಾಗಿದೆಯೇ ಎಂದು ನೋಡಲೆಂದೇ ಇರುವ ತಳಿ. ಅದಕ್ಕೆ ಜೆಂಟಾಮೈಸಿನ್ ಝೋನ್ 19ರಿಂದ 26 ಮಿಲಿಮೀಟರ್ ಒಳಗೆ ಬರಬೇಕು. ಟೆಟ್ರಾಸೈಕ್ಲಿನ್ ಝೋನ್ 18ರಿಂದ 25ರೊಳಗೆ. ಅವತ್ತು ಜೆಂಟಾಮೈಸಿನ್ ಝೋನ್ ಕೆಳಗಿನ ಗಡಿಗಿಂತ ಕುಗ್ಗಿತ್ತು. ಪಕ್ಕದಲ್ಲೇ ಇದ್ದ ಟೆಟ್ರಾಸೈಕ್ಲಿನ್ ಝೋನ್ ಮೇಲಿನ ಗಡಿ ದಾಟಿ ಅಗಲವಾಗಿತ್ತು. ಡಿಸ್ಕ್‌ಗಳು ಹಳೆಯವಾಗಿದ್ದರೆ ಎರಡೂ ಕುಗ್ಗಬೇಕಿತ್ತು, ಅಲ್ವಾ? ಬ್ಯಾಕ್ಟೀರಿಯಾ ತೀರಾ ತೆಳ್ಳಗೆ ಸವರಿದ್ದರೆ ಎರಡೂ ಹಿಗ್ಗಬೇಕಿತ್ತು. ನಮ್ಮ ಮೇಡಂ ಪ್ಲೇಟನ್ನು ಬೆಳಕಿಗೆ ಹಿಡಿದು ಒಂದೇ ಪ್ರಶ್ನೆ ಕೇಳಿದರು: "ಪಿಎಚ್ ನೋಡಿದ್ಯೇನಮ್ಮಾ?"

ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅದನ್ನು ನೋಡುವ ಮೀಟರನ್ನು ನಾನು ಸರಿಹೊಂದಿಸಿಕೊಂಡಿರಲಿಲ್ಲ. 7.2ರಿಂದ 7.4ರ ನಡುವೆ ಇರಬೇಕಿದ್ದ ಅಗರ್ 6ರ ಹತ್ತಿರ ಇತ್ತು. ನಾಲಿಗೆಗೆ ಗೊತ್ತೂ ಆಗದಷ್ಟು ಹುಳಿ ಅದು. ಅಷ್ಟಕ್ಕೇ ಒಂದು ಔಷಧಿ ಸೊರಗಿತ್ತು, ಇನ್ನೊಂದು ಚುರುಕಾಗಿತ್ತು. ಅದು ಹೇಗೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಉತ್ತರ ಇರುವುದು ಬ್ಯಾಕ್ಟೀರಿಯಾ ತನ್ನ ಶಕ್ತಿಯನ್ನು ಎಲ್ಲಿ, ಯಾವ ರೂಪದಲ್ಲಿ ಇಟ್ಟುಕೊಳ್ಳುತ್ತದೆ ಎಂಬುದರಲ್ಲಿ.

ಪೊರೆಯಲ್ಲಿ ಇರುವ ಬ್ಯಾಟರಿ

ಬ್ಯಾಕ್ಟೀರಿಯಾದ ಒಳಪೊರೆ ಸುಮಾರು 5 ನ್ಯಾನೊಮೀಟರ್ ದಪ್ಪ. ಕೊಬ್ಬಿನ ಅಣುಗಳ ಎರಡು ಸಾಲು, ಅಷ್ಟೆ. ಈ ಪೊರೆಯಲ್ಲಿ ಪಂಪುಗಳಿವೆ. ತಿಂದ ಆಹಾರವನ್ನು ಆಮ್ಲಜನಕದ ಜೊತೆ ಸುಡುವಾಗ ಸಿಗುವ ಶಕ್ತಿಯಿಂದ ಈ ಪಂಪುಗಳು ಒಂದೇ ಕೆಲಸ ಮಾಡುತ್ತವೆ. ಒಳಗಿನ ಪ್ರೋಟಾನ್‌ಗಳನ್ನು ಹೊರಗೆ ತಳ್ಳುತ್ತವೆ. ಪ್ರೋಟಾನ್ ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್. ಹುಳಿಗೆ ಕಾರಣವೂ ಅದೇ. ಪಿಎಚ್ ಅಳೆಯುವುದು ಅದನ್ನೇ.

ಹೊರಗೆ ಹೋದ ಪ್ರೋಟಾನ್‌ಗಳಿಗೆ ಮತ್ತೆ ಒಳಗೆ ಬರುವ ಸೆಳೆತ ಇರುತ್ತದೆ. ಆದರೆ ಕೊಬ್ಬಿನ ಪೊರೆ ಸುಮ್ನೆ ಬಿಡುವುದಿಲ್ಲ. ಇರುವ ಕಿರಿದಾದ ದಾರಿಯಲ್ಲಿ ಒಂದು ಚಕ್ರ ಕೂತಿದೆ. ಪ್ರೋಟಾನ್ ನುಗ್ಗಿದರೆ ಆ ಚಕ್ರ ನಿಜವಾಗಿಯೂ ಗಿರಗಿರ ತಿರುಗುತ್ತದೆ. ಇ. ಕೋಲಿಯಲ್ಲಿ 10 ಪ್ರೋಟಾನ್ ಒಳಗೆ ಬಂದರೆ ಒಂದು ಸುತ್ತು. ಒಂದು ಸುತ್ತಿಗೆ 3 ಎಟಿಪಿ ತಯಾರು. ಎಟಿಪಿ ಅಂದರೆ ಜೀವಕೋಶದಲ್ಲಿ ಶಕ್ತಿಯ ಚಲಾವಣೆ ನಾಣ್ಯ. ಲಿಂಗನಮಕ್ಕಿಯಲ್ಲಿ ನೀರು ನಿಲ್ಲಿಸಿ ಶರಾವತಿಯ ಟರ್ಬೈನ್ ತಿರುಗಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಈ ವಿಚಾರವನ್ನು 1961ರಲ್ಲಿ ಮೊದಲು ಮುಂದಿಟ್ಟವರು ಇಂಗ್ಲೆಂಡಿನ ಪೀಟರ್ ಮಿಚೆಲ್. ಆಗ ಹೆಚ್ಚಿನವರು ಒಪ್ಪಲಿಲ್ಲ. ಶಕ್ತಿ ಯಾವುದೋ ಒಂದು ರಾಸಾಯನಿಕದಲ್ಲಿ ಕೂತಿರಬೇಕು ಎಂದು ಎಲ್ಲರೂ ಅದನ್ನೇ ಹುಡುಕುತ್ತಿದ್ದರು. ಮಿಚೆಲ್ ಅವರಿಗೆ ಹೊಟ್ಟೆಹುಣ್ಣು ಜೋರಾಗಿ, ಎಡಿನ್‌ಬರೊದ ಕೆಲಸ ಬಿಟ್ಟು ಕಾರ್ನ್‌ವಾಲ್‌ನ ಬಾಡ್ಮಿನ್ ಹತ್ತಿರ ಹೋದರು. ಅಲ್ಲಿ ಗ್ಲಿನ್ ಹೌಸ್ ಎಂಬ ಹಾಳುಬಿದ್ದ ದೊಡ್ಡ ಮನೆಯನ್ನು ರಿಪೇರಿ ಮಾಡಿಸಿ ಅದರಲ್ಲೇ ಲ್ಯಾಬ್ ಕಟ್ಟಿಕೊಂಡರು. ಜೊತೆಗೆ ಜೆನಿಫರ್ ಮೊಯ್ಲ್ ಇದ್ದರು. ಪ್ರಯೋಗಗಳಲ್ಲಿ ಅವರದ್ದು ಬಹಳ ದೊಡ್ಡ ಪಾಲು. 1978ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಮಿಚೆಲ್ ಒಬ್ಬರಿಗೇ ಬಂತು.

ನನಗೆ ತುಂಬಾ ಇಷ್ಟವಾದದ್ದು 1966ರಲ್ಲಿ ಆಂಡ್ರೆ ಜಾಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಮಾಡಿದ ಪ್ರಯೋಗ. ಎಲೆಯ ಹಸಿರು ಚೀಲಗಳನ್ನು ಕತ್ತಲೆಯಲ್ಲಿ ಪಿಎಚ್ 4ರ ಹುಳಿನೀರಿನಲ್ಲಿ ನೆನೆಸಿದರು. ಆಮೇಲೆ ಥಟ್ಟನೆ ಪಿಎಚ್ 8ರ ನೀರಿಗೆ ಹಾಕಿದರು. ಬೆಳಕಿಲ್ಲ, ಆಹಾರವಿಲ್ಲ. ಆದರೂ ಎಟಿಪಿ ತಯಾರಾಯಿತು! ಹುಳಿಯ ವ್ಯತ್ಯಾಸವೇ ಶಕ್ತಿ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೇ?

ಒಂದೇ ದುಡ್ಡು, ಎರಡು ಜೇಬು

ಅಣೆಕಟ್ಟಿನ ಹೋಲಿಕೆಯನ್ನು ಇಲ್ಲಿಗೆ ಬಿಡಬೇಕು. ನೀರಿಗೆ ವಿದ್ಯುತ್ ಚಾರ್ಜ್ ಇಲ್ಲ, ಪ್ರೋಟಾನ್‌ಗೆ ಇದೆ. ಇಡೀ ಕತೆ ನಿಂತಿರುವುದು ಇದರ ಮೇಲೆಯೇ.

ಪ್ರೋಟಾನ್ ಒಳಗೆ ಬರಲು ಹಾತೊರೆಯುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಜನಸಂದಣಿ. ಹೊರಗೆ ಜಾಸ್ತಿ, ಒಳಗೆ ಕಮ್ಮಿ ಇದ್ದರೆ ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ಹರಿಯುವುದು ಸಹಜ. ಇದನ್ನು ಹುಳಿಯ ಅಂತರ ಎಂದು ಕರೆಯೋಣ. ಎರಡನೆಯದು ವಿದ್ಯುತ್ತಿನ ಸೆಳೆತ. ಪ್ಲಸ್ ಚಾರ್ಜ್ ಇರುವ ಪ್ರೋಟಾನ್‌ಗಳು ಹೊರಗೆ ಹೋದಂತೆ ಒಳಭಾಗ ಮೈನಸ್ ಆಗುತ್ತದೆ. ಮೈನಸ್ ಪ್ಲಸ್ಸನ್ನು ಎಳೆಯುತ್ತದೆ. ಇದು ವಿದ್ಯುತ್ ಅಂತರ. ಬ್ಯಾಕ್ಟೀರಿಯಾದ ಬ್ಯಾಟರಿಯ ಒಟ್ಟು ಬಲ ಅಂದರೆ ಈ ಎರಡರ ಮೊತ್ತ. ಎಷ್ಟೇ ದುಡ್ಡಿರಲಿ, ಅದು ಎರಡು ಜೇಬುಗಳಲ್ಲಿ ಹಂಚಿಕೊಂಡಿರುತ್ತದೆ.

ಒಟ್ಟು ಬಲ ಸಾಮಾನ್ಯವಾಗಿ 150ರಿಂದ 200 ಮಿಲಿವೋಲ್ಟ್. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ಪೊರೆಯ ದಪ್ಪ ನೆನಪಿಡಿ. 5 ನ್ಯಾನೊಮೀಟರ್‌ಗೆ 150 ಮಿಲಿವೋಲ್ಟ್ ಅಂದರೆ ಮೀಟರಿಗೆ 3 ಕೋಟಿ ವೋಲ್ಟ್ ಲೆಕ್ಕ. ಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್‌ಗೆ ಸೋತು ಕಿಡಿ ಹಾರಿಸುತ್ತದೆ. ಅದರ ಹತ್ತುಪಟ್ಟು ಒತ್ತಡವನ್ನು ಈ ತೆಳ್ಳನೆಯ ಪೊರೆ ಹೊತ್ತು ನಿಂತಿದೆ.

ಈಗ ಪಿಎಚ್ ಬದಲಾದರೆ ಏನಾಗುತ್ತದೆ ನೋಡೋಣ. ಇ. ಕೋಲಿ ತನ್ನ ಒಳಗಿನ ಪಿಎಚ್ಚನ್ನು 7.6ರ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತದೆ. ಹೊರಗೆ 6 ಇರಲಿ, 8 ಇರಲಿ, ಒಳಗಿನದು ಹೆಚ್ಚು ಅಲುಗಾಡುವುದಿಲ್ಲ. ಇದು ಎಷ್ಟು ನಾಜೂಕಿನ ಕೆಲಸ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಇ. ಕೋಲಿಯ ಗಾತ್ರ ಸುಮಾರು ಒಂದು ಘನ ಮೈಕ್ರೊಮೀಟರ್. ಪಿಎಚ್ 7.6 ಅಂದರೆ ಅಷ್ಟು ಜಾಗದಲ್ಲಿ ಬಿಡಿಯಾಗಿ ಓಡಾಡುವ ಪ್ರೋಟಾನ್‌ಗಳು ಹೆಚ್ಚೆಂದರೆ ಹದಿನೈದು! ಉಳಿದವೆಲ್ಲ ಪ್ರೋಟೀನು, ಫಾಸ್ಫೇಟುಗಳಿಗೆ ಅಂಟಿಕೊಂಡಿರುತ್ತವೆ. ಹೊರಗಿನ ಪಿಎಚ್ 5.6 ಇದ್ದರೆ ಅಷ್ಟೇ ಜಾಗದಲ್ಲಿ ಸಾವಿರದೈನೂರು. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಪ್ರೋಟಾನ್ ಹತ್ತುಪಟ್ಟು ಏರುತ್ತದೆ ಎಂಬ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಂದು ಅಂಕಿ ಪಿಎಚ್ ವ್ಯತ್ಯಾಸ ಸುಮಾರು 60 ಮಿಲಿವೋಲ್ಟ್‌ಗೆ ಸಮ. ಲೆಕ್ಕ ಸುಲಭವಾಗಲಿ ಎಂದು ಒಟ್ಟು ಬಲ 180 ಎಂದಿಟ್ಟುಕೊಳ್ಳೋಣ. ಹೊರಗಿನ ಪಿಎಚ್ ಕೂಡ 7.6 ಇದ್ದರೆ ಹುಳಿಯ ಅಂತರ ಸೊನ್ನೆ. ಪೂರಾ 180 ವಿದ್ಯುತ್ ಜೇಬಿನಲ್ಲಿ. ಹೊರಗಿನ ಪಿಎಚ್ 6.1ಕ್ಕೆ ಇಳಿದರೆ ಅಂತರ ಒಂದೂವರೆ ಅಂಕಿ. ಅಂದರೆ 90 ಮಿಲಿವೋಲ್ಟ್ ಹುಳಿಯ ಜೇಬಿಗೆ ಹೋಯಿತು. ವಿದ್ಯುತ್ ಜೇಬಿನಲ್ಲಿ ಉಳಿದದ್ದು 90. ಇನ್ನು ಹೊರಗಿನದು 7.6 ದಾಟಿ ಕ್ಷಾರದ ಕಡೆ ಹೋದರೆ ಹುಳಿಯ ಅಂತರ ತಿರುಗುಮುರುಗು ಆಗಿ ಸಾಲವಾಗುತ್ತದೆ. ಆಗ ವಿದ್ಯುತ್ ಜೇಬೇ ಆ ಸಾಲವನ್ನೂ ತುಂಬಿಕೊಡಬೇಕು.

ದುಡ್ಡು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಇದರಲ್ಲಿ ಪೊಟ್ಯಾಸಿಯಂ ಪಾತ್ರ ದೊಡ್ಡದು. ಕೆಲವೇ ಪ್ರೋಟಾನ್ ಹೊರಗೆ ಹೋದರೂ ಸಾಕು, ವಿದ್ಯುತ್ ಅಂತರ ಏರಿಬಿಡುತ್ತದೆ. ಆ ಎಳೆತಕ್ಕೆ ಎದುರಾಗಿ ಇನ್ನಷ್ಟು ಪ್ರೋಟಾನ್ ತಳ್ಳುವುದು ಕಷ್ಟ. ಆಗ ಬ್ಯಾಕ್ಟೀರಿಯಾ ಹೊರಗಿನ ಪೊಟ್ಯಾಸಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೂ ಪ್ಲಸ್ ಚಾರ್ಜ್ ಇರುವುದರಿಂದ ಒಳಗಿನ ಮೈನಸ್ ತಣಿಯುತ್ತದೆ, ಪಂಪಿಗೆ ಬಿಡುವು ಸಿಗುತ್ತದೆ. ಇನ್ನಷ್ಟು ಪ್ರೋಟಾನ್ ಹೊರಗೆ ಹೋಗುತ್ತವೆ. ವಿದ್ಯುತ್ ಇಳಿಯಿತು, ಹುಳಿಯ ಅಂತರ ಬೆಳೆಯಿತು.

ಹಾಗಾಗಿ ಸ್ವಲ್ಪ ಹುಳಿ ಬ್ಯಾಕ್ಟೀರಿಯಾವನ್ನು ಬಡವಾಗಿಸುವುದಿಲ್ಲ. ಎಟಿಪಿ ಚಕ್ರಕ್ಕೆ ಯಾವ ಜೇಬಿನ ದುಡ್ಡಾದರೂ ನಡೆಯುತ್ತದೆ. ನಡೆಯದಿರುವುದು ಔಷಧಿಗಳಿಗೆ. ಕೆಲವು ಔಷಧಿಗಳು ವಿದ್ಯುತ್ ಜೇಬನ್ನೇ ನಂಬಿ ಒಳಗೆ ಬರುತ್ತವೆ, ಕೆಲವು ಹುಳಿಯ ಜೇಬನ್ನು.

ಜೆಂಟಾಮೈಸಿನ್ ಯಾಕೆ ಸೊರಗಿತು

ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಒಂದೇ ಕುಟುಂಬದವು. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಲ್ಯಾಬಿನಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ಯುವಕನಿಗೆ ಮಣ್ಣಿನ ಜೀವಿಯೊಂದರಿಂದ ಸಿಕ್ಕಿತು. ಕ್ಷಯಕ್ಕೆ ಸಿಕ್ಕ ಮೊದಲ ನಿಜವಾದ ಮದ್ದು ಅದು. ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಅದರ ಒಂದು ಗುಣ ಎಲ್ಲರ ಕಣ್ಣಿಗೆ ಬಿತ್ತು. ಹುಳಿಯಲ್ಲಿ ಅದು ಸಪ್ಪೆ, ಸ್ವಲ್ಪ ಕ್ಷಾರದಲ್ಲಿ ಬಹಳ ಖಡಕ್.

ಈ ಕುಟುಂಬದ ಅಣುಗಳ ಮೈತುಂಬಾ ಪ್ಲಸ್ ಚಾರ್ಜ್. ಒಂದೇ ಅಣುವಿಗೆ ಮೂರು, ನಾಲ್ಕು, ಕೆಲವಕ್ಕೆ ಐದರವರೆಗೂ. ಹೊರಪೊರೆಗೆ ಇವು ತಾವಾಗಿಯೇ ಅಂಟಿಕೊಳ್ಳುತ್ತವೆ. ಆದರೆ ಒಳಪೊರೆ ದಾಟಿಸುವುದು ವಿದ್ಯುತ್ತಿನ ಎಳೆತವೇ. ಒಳಗೆ ಮೈನಸ್ ಜೋರಾಗಿದ್ದರೆ ಅಣು ಒಳಗೆ ಸೆಳೆಯಲ್ಪಡುತ್ತದೆ. ಒಂದೇ ಪ್ಲಸ್ ಚಾರ್ಜ್ ಇರುವ ವಸ್ತುವನ್ನು 180 ಮಿಲಿವೋಲ್ಟ್ ಎಳೆದರೆ, ಲೆಕ್ಕದ ಪ್ರಕಾರ ಹೊರಗಿಗಿಂತ ಒಳಗೆ 1000 ಪಟ್ಟು ತುಂಬಬಹುದು. 90 ಮಿಲಿವೋಲ್ಟ್ ಆದರೆ ಸುಮಾರು 30 ಪಟ್ಟು ಮಾತ್ರ. ಚಾರ್ಜ್ ಎರಡಾದರೆ ಈ ಅಂಕಿಗಳು 10 ಲಕ್ಷ ಮತ್ತು 1000. ಇವು ಕಾಗದದ ಮೇಲಿನ ಮಿತಿಗಳು. ಜೀವಂತ ಕೋಶದಲ್ಲಿ ಇಷ್ಟು ಆಗುವುದಿಲ್ಲ. ಆದರೆ ವಿದ್ಯುತ್ ಅರ್ಧವಾದರೆ ಔಷಧಿ ಅರ್ಧವಾಗುವುದಿಲ್ಲ, ನೆಲಕಚ್ಚುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಸಾಲದ್ದಕ್ಕೆ ವಿದ್ಯುತ್ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಈ ಔಷಧಿಗಳ ಪ್ರವೇಶ ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಒಳಗೆ ಹೋದ ಮೇಲಿನ ಕತೆ ಇನ್ನೂ ಚೆನ್ನಾಗಿದೆ. ಮೊದಲು ಕೆಲವೇ ಅಣುಗಳು ನಿಧಾನವಾಗಿ ನುಸುಳುತ್ತವೆ. ಅವು ಪ್ರೋಟೀನ್ ಕಟ್ಟುವ ರೈಬೋಸೋಮ್‌ಗೆ ಅಂಟಿ, ಅದು ತಪ್ಪು ತಪ್ಪಾಗಿ ಓದುವಂತೆ ಮಾಡುತ್ತವೆ. ಕೆಟ್ಟ ಪ್ರೋಟೀನುಗಳು ತಯಾರಾಗುತ್ತವೆ. ಅವುಗಳಲ್ಲಿ ಕೆಲವು ಪೊರೆಗೇ ಹೋಗಿ ಕೂರುವುದರಿಂದ ಪೊರೆ ಸೋರತೊಡಗುತ್ತದೆ. ಆ ಸಂದಿಗಳಲ್ಲಿ ಔಷಧಿ ಪ್ರವಾಹದಂತೆ ನುಗ್ಗುತ್ತದೆ. 1980ರ ದಶಕದಲ್ಲಿ ಬರ್ನಾರ್ಡ್ ಡೇವಿಸ್ ಈ ವಿವರಣೆ ಕೊಟ್ಟರು. ಮೊದಲು ನುಸುಳುವ ಆ ನಾಲ್ಕಾರು ಅಣುಗಳ ಮೇಲೆ ಎಲ್ಲವೂ ನಿಂತಿದೆ. ಹುಳಿ ಅವುಗಳನ್ನೇ ತಡೆದರೆ ಪ್ರವಾಹ ಶುರುವೇ ಆಗುವುದಿಲ್ಲ. ನನ್ನ ಪ್ಲೇಟಿನಲ್ಲಿ ಆದದ್ದು ಇದೇ.

ಆಸ್ಪತ್ರೆಯಲ್ಲಿ ಇದು ಕೀವಿನಲ್ಲಿ ಎದುರಾಗುತ್ತದೆ. ಕೀವು ಕಟ್ಟಿದ ಜಾಗ ಹುಳಿಯಾಗಿರುತ್ತದೆ, ಆಮ್ಲಜನಕವೂ ಕಮ್ಮಿ. ಆಮ್ಲಜನಕ ಇಲ್ಲದಿದ್ದರೆ ಪಂಪುಗಳೇ ಸೊರಗುತ್ತವೆ, ವಿದ್ಯುತ್ ಇನ್ನೂ ಇಳಿಯುತ್ತದೆ. ಕೀವನ್ನು ಕೊಯ್ದು ತೆಗೆಯದೆ ಬರೀ ಜೆಂಟಾಮೈಸಿನ್ ಇಂಜೆಕ್ಷನ್ ನಂಬಿ ಕೂರಲಾಗದು ಎಂದು ಸರ್ಜನ್‌ಗಳು ಹೇಳುವುದರ ಹಿಂದೆ ಈ ಕಾರಣವೂ ಇದೆ. ಆಮ್ಲಜನಕವೇ ಬೇಡದ ಬ್ಯಾಕ್ಟೀರಿಯಾಗಳಿಗಂತೂ ಈ ಕುಟುಂಬದ ಔಷಧಿ ಹುಟ್ಟಾ ತಾಗುವುದಿಲ್ಲ. ಹಾಗಾಗಿಯೇ ಕರುಳಿನ ಸೋಂಕಿಗೆ ಜೆಂಟಾಮೈಸಿನ್ ಕೊಟ್ಟರೆ ಜೊತೆಗೆ ಅಂಥವನ್ನು ಕೊಲ್ಲುವ ಮೆಟ್ರೊನಿಡಜೋಲ್ ಕೂಡ ಇರುತ್ತದೆ.

ಇದನ್ನು ತಿರುಗಿಸಿಯೂ ನೋಡಬಹುದು. ಬ್ಯಾಟರಿ ಇಳಿದ ಬ್ಯಾಕ್ಟೀರಿಯಾಕ್ಕೆ ಚಾರ್ಜ್ ಮಾಡಿದರೆ? 2011ರಲ್ಲಿ ಬಾಸ್ಟನ್‌ನ ಜೇಮ್ಸ್ ಕಾಲಿನ್ಸ್ ತಂಡ ಅದನ್ನೇ ಮಾಡಿತು. ಮಲಗಿದಂತೆ ಇದ್ದು ಔಷಧಿಗೆ ಜಗ್ಗದ ಇ. ಕೋಲಿಗಳಿಗೆ ಮ್ಯಾನಿಟಾಲ್, ಫ್ರಕ್ಟೋಸ್‌ನಂಥ ಸಕ್ಕರೆ ಬಗೆಯ ವಸ್ತು ತಿನ್ನಿಸಿ, ಜೊತೆಗೆ ಜೆಂಟಾಮೈಸಿನ್ ಹಾಕಿದರು. ಸಕ್ಕರೆ ಸಿಕ್ಕಿದ್ದೇ ತಡ ಪಂಪುಗಳು ಚುರುಕಾದವು, ವಿದ್ಯುತ್ ಏರಿತು, ಔಷಧಿ ಒಳಗೆ ಹೋಯಿತು, ಬ್ಯಾಕ್ಟೀರಿಯಾ ಸತ್ತವು. ಶತ್ರುವಿಗೆ ಊಟ ಹಾಕಿ ಸೋಲಿಸಿದ ಹಾಗೆ.

ಟೆಟ್ರಾಸೈಕ್ಲಿನ್, ವಿನೆಗರ್, ಉಪ್ಪಿನಕಾಯಿ

ಟೆಟ್ರಾಸೈಕ್ಲಿನ್‌ನ ದಾರಿ ಬೇರೆ. ಒಳಪೊರೆ ದಾಟುವಾಗ ಅದು ಒಟ್ಟಾರೆ ಚಾರ್ಜ್ ಇಲ್ಲದ ರೂಪದಲ್ಲಿರುತ್ತದೆ. ಹಾಗಾಗಿ ವಿದ್ಯುತ್ತಿನ ಹಂಗಿಲ್ಲ. ಹೊರಗಿನ ಹುಳಿಯಲ್ಲಿ ಆ ರೂಪ ಜಾಸ್ತಿ ಇರುತ್ತದೆ, ಕೊಬ್ಬಿನ ಪೊರೆಯಲ್ಲಿ ಕರಗಿ ದಾಟುತ್ತದೆ. ಒಳಗೆ 7.6ರ ವಾತಾವರಣ ಸಿಕ್ಕ ಕೂಡಲೇ ಪ್ರೋಟಾನ್ ಒಂದನ್ನು ಬಿಟ್ಟುಕೊಟ್ಟು ಮೈನಸ್ ಆಗುತ್ತದೆ, ಮೆಗ್ನೀಸಿಯಂ ಅನ್ನು ಅಪ್ಪಿಕೊಳ್ಳುತ್ತದೆ. ಆ ರೂಪಕ್ಕೆ ಹಿಂದೆ ಹೋಗುವ ದಾರಿ ಸುಲಭವಲ್ಲ. ಒಳಗೇ ಶೇಖರವಾಗುತ್ತದೆ. ಹುಳಿಯ ಅಂತರ ಎಷ್ಟು ದೊಡ್ಡದೋ ಶೇಖರಣೆಯೂ ಅಷ್ಟು ಜಾಸ್ತಿ. (ಲೋಹಗಳನ್ನು ಅಪ್ಪಿಕೊಳ್ಳುವ ಈ ಸ್ವಭಾವದಿಂದಲೇ ಟೆಟ್ರಾಸೈಕ್ಲಿನ್ ಮಾತ್ರೆಯನ್ನು ಹಾಲಿನ ಜೊತೆ ತಗೋಬೇಡಿ ಅನ್ನುವುದು. ಹಾಲಿನ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ.)

ಇದೇ ಉಪಾಯ ನಮ್ಮ ಅಡುಗೆಮನೆಯಲ್ಲೂ ಇದೆ. ವಿನೆಗರ್‌ನ ಅಸಿಟಿಕ್ ಆಮ್ಲ, ಮೊಸರಿನ ಲ್ಯಾಕ್ಟಿಕ್ ಆಮ್ಲ, ಅಂಗಡಿ ಉಪ್ಪಿನಕಾಯಿಗೆ ಹಾಕುವ ಬೆಂಜೊಯೇಟ್, ಇವೆಲ್ಲ ದುರ್ಬಲ ಆಮ್ಲಗಳು. ಹುಳಿ ಇರುವ ಕಡೆ ತಮ್ಮ ಪ್ರೋಟಾನನ್ನು ಬಿಗಿಯಾಗಿ ಹಿಡಿದುಕೊಂಡು ಚಾರ್ಜ್ ಇಲ್ಲದೆ ಇರುತ್ತವೆ. ಪೊರೆ ದಾಟುತ್ತವೆ. ಒಳಗೆ ಹೋಗಿ ಪ್ರೋಟಾನನ್ನು ಬಿಟ್ಟುಬಿಡುತ್ತವೆ. ಪಂಪುಗಳು ಕಷ್ಟಪಟ್ಟು ಹೊರಗೆ ತಳ್ಳಿದ್ದನ್ನು ಇವು ಹಿಂಬಾಗಿಲಿನಿಂದ ಒಳಗೆ ತಂದು ಸುರಿಯುತ್ತವೆ. ಒಳಗಿನ ಪಿಎಚ್ ಕುಸಿಯುತ್ತದೆ, ಬ್ಯಾಟರಿ ಇಳಿಯುತ್ತದೆ. ಬೆಂಜೊಯೇಟ್ ಹುಳಿ ಇರುವ ತಿನಿಸಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುವುದು ಇದಕ್ಕೇ. ಉಪ್ಪಿನಕಾಯಿಗೆ ಸರಿ, ಹಾಲಿಗೆ ಪ್ರಯೋಜನವಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬ್ಯಾಕ್ಟೀರಿಯಾ ಔಷಧಿಯನ್ನು ಹೊರಗೆಸೆಯುವುದಕ್ಕೂ ಇದೇ ಬ್ಯಾಟರಿ ಬಳಸುತ್ತದೆ. ಟೆಟ್ರಾಸೈಕ್ಲಿನ್‌ಗೆ ಜಗ್ಗದ ಎಷ್ಟೋ ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಒಂದು ವಿಶೇಷ ಪಂಪ್ ಇದೆ. ಒಂದು ಪ್ರೋಟಾನ್ ಒಳಗೆ ಬಿಟ್ಟುಕೊಂಡು, ಅದರ ಬಲದಿಂದ ಒಂದು ಟೆಟ್ರಾಸೈಕ್ಲಿನ್ ಅನ್ನು ಹೊರಗೆ ಹಾಕುತ್ತದೆ. ಅಂದಮೇಲೆ 'ಹುಳಿ ಇದ್ದರೆ ಟೆಟ್ರಾಸೈಕ್ಲಿನ್ ಗೆಲ್ಲುತ್ತದೆ' ಎಂಬ ಮಾತು ಅಂಥ ಪಂಪ್ ಇಲ್ಲದ ಬ್ಯಾಕ್ಟೀರಿಯಾಕ್ಕೆ ಮಾತ್ರ ಹೊಂದುತ್ತದೆ.

ಅಡುಗೆ ಸೋಡಾ ಮತ್ತು ಉರಿಮೂತ್ರ

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಎರಿಕ್ ಬ್ರೌನ್ ತಂಡ 2018ರಲ್ಲಿ ಬೈಕಾರ್ಬೊನೇಟ್ ಹಿಡಿದು ಇದೇ ಎರಡು ಜೇಬುಗಳ ಪರೀಕ್ಷೆ ಮಾಡಿತು. ಅಡುಗೆ ಸೋಡಾದಲ್ಲಿ ಇರುವುದು ಇದೇ ಬೈಕಾರ್ಬೊನೇಟ್. ಬ್ಯಾಕ್ಟೀರಿಯಾದ ಹುಳಿಯ ಜೇಬನ್ನು ಅದು ಖಾಲಿ ಮಾಡುತ್ತದೆ ಎಂದು ಕಂಡುಬಂತು. ನಷ್ಟ ತುಂಬಲು ಬ್ಯಾಕ್ಟೀರಿಯಾ ವಿದ್ಯುತ್ ಜೇಬನ್ನು ಏರಿಸಿಕೊಂಡಿತು. ಪರಿಣಾಮ ನಮ್ಮ ಲೆಕ್ಕದ ಪ್ರಕಾರವೇ ಬಂತು. ಜೆಂಟಾಮೈಸಿನ್ ಕುಟುಂಬದ ಔಷಧಿಗಳು ಬಲಗೊಂಡವು, ಟೆಟ್ರಾಸೈಕ್ಲಿನ್ ಸೊರಗಿತು. ನನ್ನ ಪ್ಲೇಟಿನ ನೇರ ತದ್ವಿರುದ್ಧ.

ನನ್ನನ್ನು ಯೋಚನೆಗೆ ಹಚ್ಚಿದ ಸಂಗತಿ ಇನ್ನೊಂದು. ನಮ್ಮ ರಕ್ತದಲ್ಲಿ ಬೈಕಾರ್ಬೊನೇಟ್ ಸದಾ ಇರುತ್ತದೆ, ಲೀಟರಿಗೆ ಸುಮಾರು 24 ಮಿಲಿಮೋಲ್. ಲ್ಯಾಬಿನ ಮಾಮೂಲಿ ಅಗರ್‌ಗೆ ಅದನ್ನು ಹಾಕುವುದಿಲ್ಲ. ಅಂದರೆ ರೋಗಿಯ ಮೈಯೊಳಗೆ ಬ್ಯಾಕ್ಟೀರಿಯಾದ ಜೇಬುಗಳ ಹಂಚಿಕೆ ಒಂದು ಥರ, ನಮ್ಮ ಪ್ಲೇಟಿನ ಮೇಲೆ ಇನ್ನೊಂದು ಥರ ಇರಬಹುದು.

ಮೂತ್ರದ ಸೋಂಕಿನಲ್ಲಿ ಈ ವಿಷಯ ದಿನನಿತ್ಯದ್ದು. ರಕ್ತದ ಪಿಎಚ್ 7.4ರಿಂದ ಹೆಚ್ಚು ಅಲುಗಾಡುವುದಿಲ್ಲ. ಮೂತ್ರದ್ದು 4.5ರಿಂದ 8ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಉರಿಮೂತ್ರ ಎಂದು ಹೋದರೆ ಸಿಟ್ರೇಟ್ ಇರುವ ಸಿರಪ್ ಕೊಡುತ್ತಾರೆ. ಅದು ಮೈಯೊಳಗೆ ಬೈಕಾರ್ಬೊನೇಟ್ ಆಗಿ ಮೂತ್ರದ ಹುಳಿಯನ್ನು ತಗ್ಗಿಸುತ್ತದೆ. ಜೆಂಟಾಮೈಸಿನ್, ಅಮಿಕಾಸಿನ್ ನಡೆಯುತ್ತಿದ್ದರೆ ಅದು ಅನುಕೂಲವೇ. ಸಿಪ್ರೊಫ್ಲಾಕ್ಸಾಸಿನ್ ಕೂಡ ಹುಳಿ ಮೂತ್ರದಲ್ಲಿ ಮಂಕಾಗುವ ಔಷಧಿ. ಆದರೆ ಇವತ್ತು ಮೂತ್ರದ ಸೋಂಕಿಗೆ ಬಹಳವಾಗಿ ಬರೆಯುವ ನೈಟ್ರೊಫ್ಯುರಾಂಟೊಯಿನ್ ಇದಕ್ಕೆ ಉಲ್ಟಾ. ಅದು ಹುಳಿ ಮೂತ್ರದಲ್ಲೇ ಚುರುಕು. ಅದರ ಜೊತೆಗೆ ಹುಳಿ ಕೆಡಿಸುವ ಸಿರಪ್ ಕುಡಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ನಿಮ್ಮ ಚೀಟಿಯಲ್ಲಿ ಈ ಎರಡೂ ಒಟ್ಟಿಗೆ ಇದ್ದರೆ ದಯವಿಟ್ಟು ಒಮ್ಮೆ ಡಾಕ್ಟರನ್ನು ಕೇಳಿ. ಹಾಗೆಯೇ ಇದನ್ನು ಓದಿ ಯಾರೂ ಅಡುಗೆ ಸೋಡಾ ಕದಡಿಕೊಂಡು ಕುಡಿಯಬೇಡಿ. ಅದರಲ್ಲಿ ಸೋಡಿಯಂ ಬಹಳ, ಬಿಪಿ ಮತ್ತು ಕಿಡ್ನಿ ತೊಂದರೆ ಇರುವವರಿಗೆ ಅಪಾಯ.

ಗಾಜಿನ ಕೊಳವೆಯಲ್ಲಿ ಸೋತ, ಇಲಿಯಲ್ಲಿ ಗೆದ್ದ ಮದ್ದು

ಈ ವಿಷಯದಲ್ಲಿ ಅತಿ ಹೆಚ್ಚು ಜೀವಗಳಿಗೆ ತಟ್ಟಿದ ಕತೆ ಪೈರಜಿನಮೈಡ್‌ನದು. ಕ್ಷಯದ ಚಿಕಿತ್ಸೆಯಲ್ಲಿ ಮೊದಲ ಎರಡು ತಿಂಗಳು ಕೊಡುವ ನಾಲ್ಕು ಔಷಧಿಗಳಲ್ಲಿ ಇದೂ ಒಂದು. ಇದು ಸೇರಿದ ಮೇಲೆಯೇ ಒಂಬತ್ತು ತಿಂಗಳ ಚಿಕಿತ್ಸೆ ಆರು ತಿಂಗಳಿಗೆ ಇಳಿದದ್ದು. ದಿನದ ಕೂಲಿ ಬಿಟ್ಟು ಮಾತ್ರೆಗೆ ಓಡಾಡುವವರಿಗೆ ಆ ಮೂರು ತಿಂಗಳು ಎಷ್ಟು ದೊಡ್ಡದು ಎಂದು ಬೇರೆ ಹೇಳಬೇಕಿಲ್ಲ.

1950ರ ದಶಕದ ಶುರುವಿನಲ್ಲಿ ಇದು ಎಲ್ಲರನ್ನೂ ಗೊಂದಲಕ್ಕೆ ಹಾಕಿತ್ತು. ಸೋಂಕು ತಗುಲಿದ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಗಾಜಿನ ಕೊಳವೆಯಲ್ಲಿ ಅದೇ ಬ್ಯಾಕ್ಟೀರಿಯಾಕ್ಕೆ ಹಾಕಿದರೆ ಏನೂ ಆಗುತ್ತಿರಲಿಲ್ಲ. 1954ರಲ್ಲಿ ವಾಲ್ಟರ್ ಮೆಕ್‌ಡರ್ಮಾಟ್ ಮತ್ತು ರಾಲ್ಫ್ ಟಾಂಪ್ಸೆಟ್ ಕೊಳವೆಯ ನೀರನ್ನು ಪಿಎಚ್ 5.5ರ ಹತ್ತಿರಕ್ಕೆ ಇಳಿಸಿ ನೋಡಿದರು. ಮದ್ದು ಎಚ್ಚರಗೊಂಡಿತು.

ಅದು ನಡೆಯುವ ಬಗೆ ಉಪ್ಪಿನಕಾಯಿಯ ಕತೆಯ ಮುಂದುವರಿಕೆಯೇ. ಕ್ಷಯದ ಬ್ಯಾಕ್ಟೀರಿಯಾ ತನ್ನದೇ ಒಂದು ಕಿಣ್ವದಿಂದ ಪೈರಜಿನಮೈಡನ್ನು ಪೈರಜಿನೊಯಿಕ್ ಆಮ್ಲವಾಗಿ ಬದಲಿಸುತ್ತದೆ. ಆ ಆಮ್ಲ ಹೊರಗೆ ಹೋಗುತ್ತದೆ. ಹೊರಗೆ ಹುಳಿ ಇದ್ದರೆ ಅದರಲ್ಲಿ ಒಂದಿಷ್ಟು ಪ್ರೋಟಾನ್ ಹಿಡಿದು, ಚಾರ್ಜ್ ಕಳೆದುಕೊಂಡು ಮತ್ತೆ ಒಳಗೆ ಬರುತ್ತದೆ. ಒಳಗೆ ಬಂದು ಪ್ರೋಟಾನ್ ಬಿಡುತ್ತದೆ. ಮತ್ತೆ ಹೊರಗೆ, ಮತ್ತೆ ಒಳಗೆ. ಪಿಎಚ್ 5.5ರಲ್ಲಿ ಈ ಆಮ್ಲದ ಸುಮಾರು 400 ಅಣುಗಳಲ್ಲಿ ಒಂದು ಮಾತ್ರ ಚಾರ್ಜ್ ಇಲ್ಲದೆ ಇರುತ್ತದೆ. 7.4ರಲ್ಲಿ ಅದು 30 ಸಾವಿರಕ್ಕೆ ಒಂದು. ಈ ವ್ಯತ್ಯಾಸವೇ ಮದ್ದಿನ ಜೀವಾಳ. ಇಷ್ಟೇ ಪೂರ್ತಿ ಕಾರಣ ಅಲ್ಲ ಎನ್ನುವವರೂ ಇದ್ದಾರೆ. ಬ್ಯಾಕ್ಟೀರಿಯಾ ತನ್ನ ಬದುಕಿಗೆ ಬೇಕೇಬೇಕಾದ ಕೋಎಂಜೈಮ್ ಎ ಎಂಬ ಅಣುವನ್ನು ತಯಾರಿಸುವುದನ್ನೂ ಈ ಆಮ್ಲ ಕೆಡಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಎರಡೂ ಸೇರಿ ಕೆಲಸ ಮಾಡುತ್ತವೆ ಎಂಬುದು ನನ್ನ ಅನಿಸಿಕೆ.

ಸ್ಟ್ರೆಪ್ಟೊಮೈಸಿನ್ ಮತ್ತು ಪೈರಜಿನಮೈಡ್ ಅನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದೇ ರೋಗ, ಒಂದೇ ಶ್ವಾಸಕೋಶ. ಹುಳಿಯಿಲ್ಲದ, ಗಾಳಿ ಚೆನ್ನಾಗಿ ಸಿಗುವ ಜಾಗದಲ್ಲಿ ವೇಗವಾಗಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಸ್ಟ್ರೆಪ್ಟೊಮೈಸಿನ್ ಹಿಡಿಯುತ್ತದೆ. ಉರಿಯೂತದ ಹುಳಿಯಲ್ಲಿ ಅವಿತು ನಿಧಾನವಾಗಿ ಬದುಕುವುದನ್ನು ಅದು ಮುಟ್ಟಲಾರದು, ಪೈರಜಿನಮೈಡ್ ಮುಟ್ಟುತ್ತದೆ. ಈಗ ಮಾಮೂಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡುವುದಿಲ್ಲ. ಔಷಧಿಗೆ ಜಗ್ಗದ ಕ್ಷಯಕ್ಕೆ ಬಂದಿರುವ ಬೆಡಾಕ್ವಿಲಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಟಿಪಿಯ ಚಕ್ರಕ್ಕೇ ಅಡ್ಡಗಾಲು ಹಾಕುತ್ತದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ಮಿಚೆಲ್ ಅವರ ಮಾತನ್ನು ಒಂದು ಕಾಲದಲ್ಲಿ ಯಾರೂ ನಂಬುತ್ತಿರಲಿಲ್ಲ ಎಂಬುದು ಆಗ ನೆನಪಾಗುತ್ತದೆ.

ಆದರೆ ರೋಗಿಯ ಕಫದಲ್ಲಿರುವ ಬ್ಯಾಕ್ಟೀರಿಯಾ ಪೈರಜಿನಮೈಡ್‌ಗೆ ಜಗ್ಗುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡುವುದು ಇವತ್ತಿಗೂ ತಲೆನೋವು. ಔಷಧಿ ಕೆಲಸ ಮಾಡಲು ಹುಳಿ ಬೇಕು. ಹುಳಿ ಜಾಸ್ತಿಯಾದರೆ ಬ್ಯಾಕ್ಟೀರಿಯಾವೇ ಸರಿಯಾಗಿ ಬೆಳೆಯುವುದಿಲ್ಲ. ಹಾಗಾಗಿ ಪಿಎಚ್ 5.9 ಎಂಬ ನಡುದಾರಿ ಹಿಡಿಯುತ್ತಾರೆ. ಕೊಳವೆಗೆ ಬ್ಯಾಕ್ಟೀರಿಯಾ ಸ್ವಲ್ಪ ಜಾಸ್ತಿ ಬಿದ್ದರೂ ಅವು ಸುತ್ತಲಿನ ಹುಳಿಯನ್ನು ತಾವೇ ತಗ್ಗಿಸಿಬಿಡುತ್ತವೆ. ಆಗ ಔಷಧಿ ಮಲಗುತ್ತದೆ. ಬ್ಯಾಕ್ಟೀರಿಯಾ ಬೆಳೆಯುತ್ತದೆ. ರಿಪೋರ್ಟಿನಲ್ಲಿ 'ರೆಸಿಸ್ಟೆಂಟ್' ಎಂದು ಬೀಳುತ್ತದೆ, ಕೆಲಸ ಮಾಡಬಹುದಾಗಿದ್ದ ಒಂದು ಒಳ್ಳೆಯ ಔಷಧಿ ಆ ರೋಗಿಯ ಕೈತಪ್ಪುತ್ತದೆ. ಈ ತಪ್ಪಿನಿಂದ ಬೇಸತ್ತು ಹಲವು ಲ್ಯಾಬುಗಳು ಈಗ ಕೊಳವೆಯ ಬದಲು ಬ್ಯಾಕ್ಟೀರಿಯಾದ ಒಂದು ಜೀನನ್ನೇ ಓದುತ್ತವೆ. ಪೈರಜಿನಮೈಡನ್ನು ಆಮ್ಲವಾಗಿಸುವ ಆ ಕಿಣ್ವದ ಜೀನ್ ಅದು. ಅಕ್ಷರ ಸರಿ ಇದ್ದರೆ ಮದ್ದು ಕೊಡುತ್ತಾರೆ, ಕೆಟ್ಟಿದ್ದರೆ ಬಿಡುತ್ತಾರೆ. ಓದಲು ಹುಳಿ ಅಳೆಯಬೇಕಿಲ್ಲ.